ಇಮ್ತಿಯಾಜ್‌ಗಢದ ಹಳೇ ಅಚ್ಚು

ಹಳೆಯ ನಾಣ್ಯ ಓದುವ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ಹುಡುಕಿಕೊಂಡು ಆದವಾನಿಗೆ ಬರುವುದುಂಟು. ವರ್ಷಕ್ಕೆ ಒಬ್ಬರೋ ಇಬ್ಬರೋ. ಬಂದವರು ಕಾಫಿ ಆರುವ ಮೊದಲೇ ಕೇಳುತ್ತಾರೆ, ‘ನಿಮಗೆ ಸಿಕ್ಕ ಅತಿ ದೊಡ್ಡ ನಿಧಿ ಯಾವುದು ಸಾರ್?’ ನನಗೆ ಯಾವ ನಿಧಿಯೂ ಸಿಕ್ಕಿಲ್ಲ. ನಿಧಿ ಸಿಗುವುದು ಗುದ್ದಲಿ ಹಿಡಿದವರಿಗೆ. ನಮಗೆ ಸಿಗುವುದು ಫೈಲು. ಮೂವತ್ತನಾಲ್ಕು ವರ್ಷ ಕರ್ನೂಲಿನ ಪುರಾತತ್ವ ಕಚೇರಿಯಲ್ಲಿ ಸತ್ತ ಬಾದಶಾಹರ ಹೆಸರುಗಳನ್ನು ಕೂಡಿಸಿ ಓದಿ, ಬದುಕಿದ್ದ ಸಾಹೇಬರ ಸಹಿಗೆ ಕಾದು, ಸಂಜೆ ಬಸ್ಸು ಹಿಡಿದವನು ನಾನು. ಬಡ್ತಿ ಎರಡು ಬಂದವು. ಎರಡೂ ತಡವಾಗಿ ಬಂದವು. ಅವು ಬಂದದ್ದು ನನ್ನ ಹೆಂಡತಿಗೂ ಸಂಬಳದ ಚೀಟಿಗೂ ಬಿಟ್ಟು ಮತ್ತಾರಿಗೂ ತಿಳಿಯಲಿಲ್ಲ. ಆ ಪುರಾಣ ಇಲ್ಲಿಗೆ ಸಾಕು.

ಬರೆಯಬೇಕಾದದ್ದು ಒಂದು ತಪ್ಪಿನ ಸಂಗತಿ. ನಾನು ಬರೆದ ಒಂದು ಸಾಲಿನಿಂದ ಗೋನೆಗಂಡ್ಲದ ಕಡೆಯ ಹಳ್ಳಿಯೊಂದರಲ್ಲಿ ಹನುಮಕ್ಕ ಎಂಬ ಕೂಲಿಯ ಹೆಣ್ಣುಮಗಳು ಕಳ್ಳಿ ಅನ್ನಿಸಿಕೊಂಡಳು. ಹತ್ತಿ ಬಿಡಿಸುವ ಹಂಗಾಮಿನಲ್ಲಿ ಅವಳನ್ನು ಯಾರೂ ಹೊಲಕ್ಕೆ ಕರೆಯಲಿಲ್ಲ. ನಾನು ಓದಿದ ನೂರಾರು ನಾಣ್ಯಗಳನ್ನು ನೀವು ಮರೆತರೆ ನಷ್ಟವಿಲ್ಲ. ಇದೊಂದನ್ನು ನೆನಪಿಡಿ.

ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ನಮ್ಮ ಕಡೆ ಸಿಗುವ ಮುಸಲ್ಮಾನ ಅರಸರ ನಾಣ್ಯಗಳ ಮೇಲೆ ಸಾಮಾನ್ಯವಾಗಿ ಚಿತ್ರವಿರುವುದಿಲ್ಲ, ಬರವಣಿಗೆ ಇರುತ್ತದೆ. ಮೊಗಲರ ಬೆಳ್ಳಿ ರೂಪಾಯಿಯಾದರೆ ಒಂದು ಬದಿಗೆ ಬಾದಶಾಹನ ಹೆಸರು, ಇನ್ನೊಂದು ಬದಿಗೆ ನಾಣ್ಯ ಹೊಡೆದ ಊರು, ಆ ಬಾದಶಾಹ ಪಟ್ಟಕ್ಕೆ ಬಂದು ಎಷ್ಟನೆಯ ವರ್ಷ ಎಂಬ ಅಂಕಿ. ಶುಕ್ರವಾರದ ನಮಾಜಿನಲ್ಲಿ ಯಾರ ಹೆಸರು ಓದುತ್ತಾರೆ, ನಾಣ್ಯದ ಮೇಲೆ ಯಾರ ಹೆಸರು ಹೊಡೆಯುತ್ತಾರೆ, ಇವೆರಡರಿಂದ ಒಂದು ಊರು ಯಾರ ಕಡೆ ಎಂಬುದು ಆ ಕಾಲದಲ್ಲಿ ಗೊತ್ತಾಗುತ್ತಿತ್ತು. ಓದಿದ ಹೆಸರು ಗಾಳಿಗೆ ಹೋಯಿತು, ಹೊಡೆದ ಹೆಸರು ಮಣ್ಣಿನಲ್ಲಿ ಉಳಿಯಿತು. ಬಹಮನಿ ಮನೆ ಒಡೆದು ಸರದಾರರೆಲ್ಲ ಪಾಲು ಹಂಚಿಕೊಂಡ ಮೇಲೂ ಬಹುಕಾಲ ಬಹಮನಿ ದೊರೆಯ ಹೆಸರಿನ ನಾಣ್ಯವೇ ನಡೆಯುತ್ತಿತ್ತು. ರಾಜ್ಯ ಕೈಗೆ ಬಂದಿತ್ತು, ಹೆಸರು ಹಾಕಿಕೊಳ್ಳುವ ಎದೆ ಇನ್ನೂ ಬಂದಿರಲಿಲ್ಲ. ಅದು ಕೂಡ ನಾಣ್ಯವೇ ಹೇಳುವ ಮಾತು.

ಆದವಾನಿಯ ಕೋಟೆ ಮೊಗಲರ ಕೈಸೇರಿದ ಮೇಲೆ ಅವರು ಊರಿಗೆ ಇಮ್ತಿಯಾಜ್‌ಗಢ ಎಂದು ಹೆಸರಿಟ್ಟರು. ಇಲ್ಲಿ ಹೊಡೆದ ಅವರ ನಾಣ್ಯದ ಮೇಲೆ ಆ ಹೆಸರೇ ಇದೆ. ಊರಿನವರು ಅದನ್ನು ಎಷ್ಟು ಮನಸ್ಸಿಗೆ ಹಚ್ಚಿಕೊಂಡರೆಂದರೆ, ಇವತ್ತು ಬಸ್ ಸ್ಟ್ಯಾಂಡಿನಲ್ಲಿ ನಿಂತು ಇಮ್ತಿಯಾಜ್‌ಗಢಕ್ಕೆ ಯಾವ ಬಸ್ಸು ಎಂದು ಕೇಳಿದರೆ ಆಸ್ಪತ್ರೆಗೆ ಹೋಗುವ ಆಟೋ ತೋರಿಸುತ್ತಾರೆ.

ನನಗೆ ಫಾರಸಿ ಅಕ್ಷರ ಕಲಿಸಿದವರು ಖಾದರ್ ಸಾಹೇಬರು, ಉರ್ದು ಮೇಷ್ಟರಾಗಿ ನಿವೃತ್ತರಾದವರು. ಗುರುದಕ್ಷಿಣೆಯಾಗಿ ಎಮ್ಮಿಗನೂರಿನ ಒಂದು ಕೈಮಗ್ಗದ ಟವೆಲ್ ಕೊಟ್ಟೆ. ಅವರು ಅದನ್ನು ಹೆಗಲಿಗೆ ಹಾಕಿಕೊಳ್ಳದೆ ಗೋಡೆಯ ಮೊಳೆಗೆ ತೂಗುಹಾಕಿದರು. ‘ಇದು ನಿನ್ನ ಕೈಬರಹ ಸುಧಾರಿಸಿದ ದಿನ ಹೊದೀತೀನಿ’ ಎಂದರು. ಕೊನೆಯವರೆಗೂ ಅದು ಮೊಳೆಯಲ್ಲೇ ಇತ್ತು. ಅವರ ಪದ್ಧತಿ ಒಂದೇ. ಕರಿಬಟ್ಟೆ ಹಾಸಿ, ಸಿಕ್ಕ ನಾಣ್ಯಗಳನ್ನೆಲ್ಲ ಒಟ್ಟಿಗೆ ಬೋರಲು ಇಡಬೇಕು, ಊರಿನ ಬದಿ ಮೇಲೆ ಬರುವಂತೆ.

‘ಪಹಲೇ ಪೀಠ್ ದೇಖೋ ವಿರುಪಣ್ಣ’ ಎನ್ನುತ್ತಿದ್ದರು. ‘ಮೊದ್ಲು ಬೆನ್ನು. ಮುಖ ಎಲ್ಲಾರೂ ನೋಡ್ತಾರ. ಮುಖಕ್ಕ ಬಣ್ಣ ಹಚ್ಚಿರ್ತಾರ. ಬೆನ್ನಿಗ್ಯಾರು ಹಚ್ತಾರ?’

ಬೆನ್ನು ನೋಡುವ ಈ ವಿದ್ಯೆ ಇಪ್ಪತ್ತೈದು ವರ್ಷ ನನ್ನ ಕೈಬಿಡಲಿಲ್ಲ. ಆಮೇಲೆ ಕಚೇರಿಗೆ ಸ್ಕ್ಯಾನರು ಬಂತು.

ಹನುಮಕ್ಕನ ವಿಷಯಕ್ಕೆ ಬರುವ ಮೊದಲು ಆದವಾನಿಯ ಹತ್ತಿ ವ್ಯಾಪಾರಿ ಚನ್ನಬಸಪ್ಪನವರ ಮಾತು ಹೇಳಬೇಕು, ಓದಿದ್ದನ್ನು ಜನ ಹೇಗೆ ತೆಗೆದುಕೊಳ್ಳುತ್ತಾರೆಂದು ತಿಳಿಯಲಿಕ್ಕೆ. ಅವರ ಮನೆಯಲ್ಲಿ ದೀಪಾವಳಿಯ ಲಕ್ಷ್ಮೀಪೂಜೆಗೆ ಒಂದು ತಾಮ್ರದ ಬಿಲ್ಲೆ ಇಡುತ್ತಿದ್ದರು. ವಿಜಯನಗರದ ಅರಸರು ಅವರ ಹಿರಿಯರಿಗೆ ಕೈಯಾರೆ ಕೊಟ್ಟದ್ದು ಎಂಬ ಪ್ರತೀತಿ. ಓದಿಕೊಡಿ ಎಂದು ಕರೆದರು. ನಾನಾಗ ಹೊಸಬ, ಸತ್ಯ ಹೇಳುವ ಚಟವಿತ್ತು. ಅದು ಬಿಜಾಪುರದ ಸುಲ್ತಾನರ ಬಿಲ್ಲೆ ಎಂದೆ. ಹೋಳಿಗೆ ತರುತ್ತಿದ್ದವರು ಅರ್ಧದಲ್ಲೇ ನಿಂತರು. ಚನ್ನಬಸಪ್ಪನವರು ಬಿಲ್ಲೆಯನ್ನು ಕಣ್ಣಿಗೊತ್ತಿಕೊಂಡು ಹೇಳಿದರು, ‘ಇರ್ಲಿ ಬಿಡ್ರಿ. ದೊರಿ ಬದ್ಲಿ ಆದ್ರೂ ನಮ್ಮ ಮುತ್ತ್ಯಾ ಅಂಗಡಿ ಬಾಗ್ಲಾ ಹಾಕಿದ್ದಿಲ್ಲ ಅಂತಾತಲ್ಲ. ಹೋಳಿಗಿ ತರ‍್ರಿ.’

ಎಲ್ಲರೂ ಚನ್ನಬಸಪ್ಪನವರಲ್ಲ, ಎಲ್ಲ ಓದೂ ಹೋಳಿಗೆಯಲ್ಲಿ ಮುಗಿಯುವುದಿಲ್ಲ.

ನನ್ನ ನಿವೃತ್ತಿಗೆ ಎರಡು ವರ್ಷವಿದ್ದಾಗ ಗೋನೆಗಂಡ್ಲದ ಕಡೆಯಿಂದ ಒಂದು ನಿಧಿಯ ಫೈಲು ಬಂತು. ಅಲ್ಲಿನ ಬಸವನಗೌಡರ ಹೊಲದಲ್ಲಿ ನೀರಿನ ಪೈಪಿಗೆ ಕಾಲುವೆ ತೋಡುತ್ತಿದ್ದಾಗ ಹನುಮಕ್ಕನ ಗುದ್ದಲಿಗೆ ಒಂದು ಮಣ್ಣಿನ ಬಿಂದಿಗೆ ತಗುಲಿತ್ತು. ಗೌಡರು ಅವತ್ತು ಹತ್ತಿ ಮಾರಲು ಆದವಾನಿಗೆ ಹೋಗಿದ್ದರು. ಅವರು ಬರುವ ತನಕ, ಮಧ್ಯಾಹ್ನದಿಂದ ಸಂಜೆವರೆಗೆ, ಬಿಂದಿಗೆ ಹನುಮಕ್ಕನ ಮನೆಯಲ್ಲಿತ್ತು. ಸಂಜೆ ಅವಳೇ ತಲೆಯ ಮೇಲೆ ಹೊತ್ತು ತಂದು ಗೌಡರ ಜಗಲಿಯ ಮೇಲಿಟ್ಟಳು. ಗೌಡರು ತಹಶೀಲ್ದಾರರಿಗೆ ತಿಳಿಸಿದರು. ಪಂಚನಾಮೆಯಾಯಿತು. ಅರವತ್ಮೂರು ಬೆಳ್ಳಿ ರೂಪಾಯಿ ನಮ್ಮ ಕಚೇರಿಗೆ ಬಂದವು.

ಎಲ್ಲವೂ ಇಮ್ತಿಯಾಜ್‌ಗಢದಲ್ಲಿ ಹೊಡೆದವು. ಅರವತ್ತೆರಡರ ಮೇಲೆ ಮುದಿ ಬಾದಶಾಹನ ಹೆಸರು. ಉಳಿದ ಒಂದರ ಮೇಲೆ ಅವನ ಕಿರಿಯ ಮಗನ ಹೆಸರು. ಇದು ಮಾತ್ರ ಥಳಥಳ ಹೊಳೆಯುತ್ತಿತ್ತು, ಬಾಕಿಯವೆಲ್ಲ ಕಪ್ಪಿಟ್ಟಿದ್ದವು.

ಇಲ್ಲಿ ಸ್ವಲ್ಪ ಚರಿತ್ರೆ ಬೇಕು, ಸ್ವಲ್ಪವೇ. ತಂದೆ, ಆ ಮುದಿ ಬಾದಶಾಹ, ಐವತ್ತು ವರ್ಷ ಪಟ್ಟದಲ್ಲಿದ್ದು, ಆಳ್ವಿಕೆಯ ಐವತ್ತೊಂದನೆಯ ವರ್ಷದಲ್ಲಿ ತೀರಿಕೊಂಡ. ಮಕ್ಕಳಲ್ಲಿ ಜಗಳ ಹತ್ತಿತು. ದಖ್ಖನದಲ್ಲಿದ್ದ ಕಿರಿಯ ಮಗ ತಾನೇ ಬಾದಶಾಹ ಎಂದು ಸಾರಿ ತನ್ನ ಹೆಸರಿನ ನಾಣ್ಯ ಹೊಡೆಸಿದ. ಎರಡು ವರ್ಷ ತುಂಬುವುದರೊಳಗೆ ಅಣ್ಣನ ಸೈನ್ಯದ ಎದುರು ಬಿದ್ದ. ಅಂದರೆ ಈ ಮಗನ ನಾಣ್ಯದ ಹಿಂಬದಿಯಲ್ಲಿ ಒಂದನೆಯ ವರ್ಷ ಇರಬೇಕು, ಬಹಳವೆಂದರೆ ಎರಡು. ನನ್ನ ಎದುರಿನ ನಾಣ್ಯದಲ್ಲಿ ಇದ್ದದ್ದು ಐವತ್ತೊಂದು.

ಎರಡು ವರ್ಷ ಆಳದವನ ಐವತ್ತೊಂದನೆಯ ವರ್ಷ! ನಾನು ಕುರ್ಚಿಯಿಂದ ಎದ್ದು ನಿಂತೆ. ಖೋಟಾ ಹೊಡೆಯುವವನಿಗೆ ಬರವಣಿಗೆ ಬರುತ್ತದೆ, ಚರಿತ್ರೆ ಬರುವುದಿಲ್ಲ, ಸಿಕ್ಕಿಬಿದ್ದ ಅಂದುಕೊಂಡೆ. ಸ್ಕ್ಯಾನರು ಒಂದೊಂದೇ ನಾಣ್ಯವನ್ನು ಬೇರೆ ಬೇರೆ ಚಿತ್ರ ಮಾಡಿ ಕೊಟ್ಟಿತ್ತು. ಮುಖ ಒಂದು ಫೈಲು, ಬೆನ್ನು ಇನ್ನೊಂದು ಫೈಲು. ಕರಿಬಟ್ಟೆ ಬೀರುವಿನಲ್ಲಿತ್ತು. ಬೀರುವಿನ ಕೀಲಿ ಎಲ್ಲಿತ್ತೋ. ಶುಕ್ರವಾರದೊಳಗೆ ರಿಪೋರ್ಟು ಬೇಕೆಂದು ದೊಡ್ಡ ಸಾಹೇಬರು ಎರಡು ಸಲ ಫೋನು ಮಾಡಿದ್ದರು. ಬರೆದೆ: ‘ಒಂದು ನಾಣ್ಯ ಖೋಟಾ. ನಿಧಿಗೆ ಸೇರಿದ್ದಲ್ಲ. ನಿಧಿ ದೊರೆತ ನಂತರ ಅಸಲಿ ನಾಣ್ಯವೊಂದನ್ನು ತೆಗೆದು ಇದನ್ನು ಸೇರಿಸಿರುವ ಸಾಧ್ಯತೆ ಇದೆ.’

ಸಹಿ ಹಾಕಿ, ಬಹಳ ದಿನದ ಮೇಲೆ ಕ್ಯಾಂಟೀನಿನಲ್ಲಿ ಎರಡು ಮಿರ್ಚಿ ತಿಂದೆ.

ಆ ಸಾಲು ಕಚೇರಿಯಿಂದ ತಹಶೀಲ್ದಾರರಿಗೆ, ಅಲ್ಲಿಂದ ಪೊಲೀಸ್ ಠಾಣೆಗೆ, ಠಾಣೆಯಿಂದ ಊರಿಗೆ ಹೋಯಿತು. ನಾನು ಬರೆದದ್ದರಲ್ಲಿ ಯಾರ ಹೆಸರೂ ಇರಲಿಲ್ಲ. ಊರು ಮುಟ್ಟುವ ಹೊತ್ತಿಗೆ ಇತ್ತು.

ನಾಲ್ಕು ತಿಂಗಳ ಮೇಲೆ ಒಂದು ಭಾನುವಾರ ನಮ್ಮ ಮನೆಯ ಪಡಸಾಲೆಯ ಮೆಟ್ಟಿಲ ಮೇಲೆ ಐವತ್ತು ದಾಟಿದ ಹೆಂಗಸೊಬ್ಬಳು ಬಂದು ಕೂತಿದ್ದಳು. ಮೊದಲ ಬಸ್ಸಿಗೆ ಬಂದಿದ್ದಳು. ಚಪ್ಪಲಿಯನ್ನು ಅಂಗಳದ ಆಚೆಗೇ ಬಿಟ್ಟಿದ್ದಳು.

‘ನೀವ ಏನ್ರಿ ಸಾರೂ, ಬಿಲ್ಲಿ ಓದಾವ್ರು?’

‘ಹೌದಮ್ಮಾ. ನೀನು ಯಾರು?’

‘ನಾ ಹನುಮಕ್ಕರಿ. ಬಿಂದಿಗಿ ಸಿಕ್ಕಾಕಿ. ನಾ ಬದ್ಲಿ ಮಾಡೀನಂತ ಬರದೀರಂತ.’

‘ನಿನ್ನ ಹೆಸರು ನಾನು ಬರದಿಲ್ಲಮ್ಮಾ’ ಎಂದೆ. ಇದು ಸತ್ಯವಾಗಿತ್ತು. ಇಷ್ಟು ಹೊಲಸಾದ ಸತ್ಯವನ್ನು ನಾನು ಹಿಂದೆಂದೂ ಹೇಳಿರಲಿಲ್ಲ.

‘ಹೆಸರು ಬರದಿಲ್ಲ, ಸರೇ. ಬದ್ಲಿ ಮಾಡ್ಯಾರ ಅಂತ ಬರದೀರಿ. ಬಿಂದಿಗಿ ಆ ಒಪ್ಪೊತ್ತು ಯಾರ ಮನ್ಯಾಗಿತ್ತು? ಊರಿಗೆ ಲೆಕ್ಕ ಬರಂಗಿಲ್ಲೇನ್ರಿ?’

ನಮ್ಮಾಕೆ ನೀರು ತಂದು ಕೊಟ್ಟಳು. ಹನುಮಕ್ಕ ಕುಡಿಯಲಿಲ್ಲ, ಚೊಂಬನ್ನು ಪಕ್ಕಕ್ಕಿಟ್ಟು ಮಾತು ಮುಂದುವರಿಸಿದಳು. ಠಾಣೆಗೆ ಎರಡು ಸಲ ಕರೆಸಿದ್ದರು. ಹೊಡೆಯಲಿಲ್ಲ, ಬೈಯಲಿಲ್ಲ, ಸುಮ್ಮನೆ ಕೂರಿಸಿ ಕಳಿಸಿದರು. ಅವಳಿಗೆ ಅದರ ಚಿಂತೆ ಇರಲಿಲ್ಲ.

‘ಹತ್ತಿ ಬಿಡ್ಸಾಕ ಗುಂಪು ಕಟ್ಟತಾನಲ್ರಿ, ಉರುಕುಂದಪ್ಪ, ಮುಂಜಾನಿ ಎದ್ದು ಮನಿ ಮನಿ ಮುಂದ ನಿಂತು ಹೆಸರು ಹಿಡ್ದು ಕೂಗ್ತಾನ. ಹೊಸೂರು ತಾಯಮ್ಮಾ ಅಂತಾನ, ಲಚ್ಚಮ್ಮಾ ಅಂತಾನ. ನಮ್ಮ ಬಾಗ್ಲಕ ಬಂದ ಕೂಡ್ಲೆ ಬಾಯಿ ಮುಚ್ಚಿ ದಾಟತಾನ. ಮೂವತ್ತು ವರ್ಷ ಕೂಗಿದ ಬಾಗ್ಲರಿ ಅದು. ಆಚಿ ಮನಿಗೆ ಕೂಗ್ತಾನ, ಈಚಿ ಮನಿಗೆ ಕೂಗ್ತಾನ. ನಡುವ ನಾ ಕುಂತಿರ್ತೀನಿ, ಬುತ್ತಿ ಕಟ್ಗೊಂಡು.’

‘ದಿನಾ ಬುತ್ತಿ ಕಟ್ತೀಯಾ?’ ಎಂದಳು ನಮ್ಮಾಕೆ.

‘ಕಟ್ಟಬೇಕಲ್ರೀ ಅಮ್ಮಾ. ಕರದ್ರ?’

ನಾನು ಕಚೇರಿಯ ಮಾತು ತೆಗೆದೆ. ನಾಣ್ಯ ಹೊಳೆಯುತ್ತಿತ್ತಲ್ಲ, ಮುನ್ನೂರು ವರ್ಷ ಮಣ್ಣಿನಲ್ಲಿದ್ದದ್ದು ಹಾಗೆ ಹೊಳೆಯುವುದಿಲ್ಲ ಎಂದೆ.

‘ನಾನ ತಿಕ್ಕಿದ್ನೆಲ್ರಿ!’ ಎಂದಳು. ‘ಬೆಳ್ಳಿ ಐತೋ ಸೀಸ ಐತೋ ನೋಡಾಣಂತ ಮ್ಯಾಲಿಂದು ಒಂದು ತಗದು ಒಲಿ ಬೂದಿ ಹಚ್ಚಿ ತಿಕ್ಕಿದೆ. ಸೀಸ ಇದ್ರ ಗೌಡ್ರಿಗೆ ತ್ರಾಸ ಯಾಕ ಕೊಡಾಣಂತ. ಬೆಳ್ಳಿ ಅಂತ ಗೊತ್ತಾತು. ಅರಿಷಿಣ ಕುಂಕುಮ ಏರ್ಸಿ, ಕಾಯಿ ಒಡದು, ಬಾಯಿ ಕಟ್ಟಿ ಹೊತ್ಗೊಂಡು ಹೋದೆ. ಹುಗದಿಟ್ಟಾವ್ರ ಜೀವ ಅದ್ರಾಗಿರ್ತೈತಂತ. ಅದನ್ನ ತಿಂದ ಮನಿ ಉಳದಿಲ್ಲಂತ. ನಮಗ್ಯಾಕ ಬೇಕ್ರಿ? ಪಂಚನಾಮಿ ದಿನ ಇದನ್ನೆಲ್ಲ ಹೇಳಿದ್ದೆ. ಬರ‍್ಯಾವ, ಹೂಂ ಹೂಂ ಅಂದ, ಬರ್ಕೊಳ್ಳಿಲ್ಲ.’

ಅವಳನ್ನು ಕೇಳುವ ಯೋಚನೆ ನನಗೂ ಬಂದಿರಲಿಲ್ಲ. ಆದರೆ ಅವತ್ತು ಆ ಮಾತು ನನ್ನ ತಲೆಯೊಳಗೆ ಇಳಿಯಲಿಲ್ಲ. ಹೊಳಪಿಗೆ ಕಾರಣ ಸಿಕ್ಕಿತು, ಸರಿ. ಐವತ್ತೊಂದರ ಅಂಕಿಯನ್ನು ಯಾವ ಬೂದಿಯಿಂದ ತಿಕ್ಕುವುದು? ನೋಡುತ್ತೇನಮ್ಮಾ ಎಂದೆ. ಸರಕಾರಿ ನೌಕರರು ಹುಟ್ಟಿದಾಗ ಆಡುವ ಮೊದಲ ಮಾತು ಅದು. ಅವಳಿಗೂ ಅದು ಗೊತ್ತಿತ್ತು. ಎದ್ದು ಹೋದಳು.

‘ಬಾದಶಾಹಗೋಳ ಮಾತು ಮುನ್ನೂರು ವರ್ಷ ಆದಮ್ಯಾಲೂ ಕೇಳಿಸ್ತೈತಿ ನಿಮಗ’ ಎಂದಳು ನಮ್ಮಾಕೆ. ‘ಮೆಟ್ಲ ಮ್ಯಾಲ ಕುಂತಾಕಿದು ಕೇಳ್ಸಂಗಿಲ್ಲ.’

ಒಂದು ವಾರದ ಮೇಲೆ ಮನೆಯ ಹಾಸಿಗೆಗೆ ಹತ್ತಿ ತರಲು ಹತ್ತಿ ಪ್ರೆಸ್ಸಿಗೆ ಹೋದೆ. ಆ ಪ್ರೆಸ್ಸು ಹಂಗಾಮಿನ ನಡುವೆಯೇ ಮಾರಾಟವಾಗಿ ಹೊಸ ಮಾಲೀಕರ ಕೈಗೆ ಬಂದಿತ್ತು. ಅಂಗಳದಲ್ಲಿ ಒತ್ತಿ ಕಟ್ಟಿದ ಹತ್ತಿಯ ಬೇಲುಗಳ ಮೇಲೆ ಅಕ್ಷರ ಕೊರೆದ ತಗಡಿನ ಅಚ್ಚು ಇಟ್ಟು ಕರಿಬಣ್ಣ ಬಳಿಯುತ್ತಿದ್ದವನು ಮಹಬೂಬ, ನನಗೆ ಚಿಕ್ಕಂದಿನಿಂದ ಗೊತ್ತಿದ್ದ ಮೇಸ್ತ್ರಿ. ಮೇಲಿನ ತಗಡಿನಲ್ಲಿ ಹೊಸ ಮಾಲೀಕರ ಹೆಸರು. ಅದರ ಕೆಳಗೆ ಊರು ಮತ್ತು ವರ್ಷದ ಇನ್ನೊಂದು ತಗಡು. ನೋಡಿದರೆ ವರ್ಷ ಹೋದ ವರ್ಷದ್ದು.

ಚಟ ಬಿಡುವುದಿಲ್ಲ. ‘ಮಹಬೂಬ, ವರ್ಷ ತಪ್ಪಾಗೈತಲ್ಲೋ’ ಎಂದೆ.

ಅವನು ಬ್ರಷ್ಷು ನಿಲ್ಲಿಸಲಿಲ್ಲ. ‘ಗೊತ್ತೈತಿ ಬಿಡ್ರಿ ಅಣ್ಣಾ. ಹೊಸ ಸೇಟು ಬಂದ ದಿನಾನ ಕೇಳಿದ್ದು ಒಂದ. ನನ್ನ ಹೆಸರು ಹಾಕು, ಇವತ್ತ ಹಾಕು ಅಂದ. ಹೆಸರಿನ ತಗಡು ಓಡೋಡಿ ಹೋಗಿ ಕೊಯ್ಸಿಕೊಂಡು ಬಂದೆ. ಊರಿಂದು, ವರ್ಷದ್ದು ಹಳೇದ ಗಟ್ಟಿ ಐತಿ. ಯಾಕ ಕೆಡಸ್ಬೇಕು? ಹೆಸರು ಸೇಟು ನೋಡ್ತಾನ. ವರ್ಷ ಯಾವನು ನೋಡ್ತಾನ?’

‘ಯಾರಾದರೂ ನೋಡಿದರೆ?’

‘ನಿಮ್ಮಂಥಾ ಕೆಲ್ಸಿಲ್ದಾವ್ರು ನೋಡ್ತಾರ.’

ಹತ್ತಿ ಬಿಟ್ಟು ಬಂದೆ. ನಮ್ಮಾಕೆ ಇವತ್ತಿಗೂ ಹಳೆಯ ಹಾಸಿಗೆಯ ಮಾತು ತೆಗೆಯುತ್ತಾಳೆ.

ಮರುದಿನ ಕರ್ನೂಲಿಗೆ ಹೋಗಿ ಬೀರುವಿನ ಕೀಲಿ ಹುಡುಕಿಸಿ, ಕರಿಬಟ್ಟೆ ಹಾಸಿ, ಅರವತ್ಮೂರನ್ನೂ ಬೋರಲು ಇಟ್ಟೆ. ನಾಣ್ಯ ಹೊಡೆಯುವುದು ಎರಡು ಅಚ್ಚಿನ ನಡುವೆ, ಒಂದು ಹೆಸರಿನದು, ಒಂದು ಊರಿನದು. ಅಚ್ಚು ಹಳೆಯದಾದಂತೆ ಸೀಳುತ್ತದೆ. ಅಚ್ಚಿನ ಸೀಳು ನಾಣ್ಯದ ಮೇಲೆ ಉಬ್ಬಿದ ಗೆರೆಯಾಗಿ ಮೂಡುತ್ತದೆ. ಮುದಿ ಬಾದಶಾಹನ ಐದು ನಾಣ್ಯಗಳ ಬೆನ್ನಿನಲ್ಲಿ ಅಂಚಿನಿಂದ ಹೊರಟು ಊರಿನ ಹೆಸರಿನ ಕಡೆಗೆ ಹರಿಯುವ ಒಂದು ಕೂದಲಿನಷ್ಟು ಗೆರೆ. ಒಂದರಲ್ಲಿ ಅದು ಮೊದಲ ಅಕ್ಷರವನ್ನೂ ಮುಟ್ಟಿರಲಿಲ್ಲ. ಇನ್ನೊಂದರಲ್ಲಿ ಮುಟ್ಟಿತ್ತು, ಮತ್ತೊಂದರಲ್ಲಿ ದಾಟಿತ್ತು. ನಾನು ಖೋಟಾ ಎಂದು ಬರೆದಿದ್ದ ಹೊಳೆಯುವ ನಾಣ್ಯದಲ್ಲಿ ಅದೇ ಗೆರೆ, ಅದೇ ಜಾಗದಿಂದ ಹೊರಟು, ಆ ಐದಕ್ಕಿಂತ ಉದ್ದವಾಗಿ, ಊರಿನ ಹೆಸರನ್ನು ಸೀಳಿಕೊಂಡು ಆಚೆಯ ಅಂಚಿನವರೆಗೆ ಹೋಗಿತ್ತು.

ಸೀಳು ಬೆಳೆಯುತ್ತದೆ, ಕೂಡಿಕೊಳ್ಳುವುದಿಲ್ಲ. ಅದೇ ಅಚ್ಚು, ಅದೇ ಟಂಕಸಾಲೆ, ಆ ಐದರ ನಂತರ ಹೊಡೆದದ್ದು. ಯಾವ ಖೋಟಾದವನೂ ಮಣ್ಣಿನೊಳಗಿನ ಬಿಂದಿಗೆಯಲ್ಲಿ ಕೈಯಿಟ್ಟು ಆ ಗೆರೆಯ ಉದ್ದ ಅಳೆದು ಬಂದು ಮುಂದುವರಿಸಲಾರ. ಎಲ್ಲಕ್ಕಿಂತ ಕೊನೆಗೆ ಹೊಡೆದದ್ದು ಎಲ್ಲಕ್ಕಿಂತ ಕೊನೆಗೆ ಬಿಂದಿಗೆಗೆ ಬಿದ್ದಿತ್ತು, ಅದಕ್ಕೇ ಮೇಲಿತ್ತು. ಮೇಲಿದ್ದುದನ್ನೇ ಹನುಮಕ್ಕ ತೆಗೆದು ಬೂದಿ ಹಚ್ಚಿದ್ದಳು. ಅವಳು ಹೇಳಿದ್ದು ಅಕ್ಷರ ಅಕ್ಷರವೂ ನಿಜವಾಗಿತ್ತು. ನಾನು ಅಕ್ಷರ ಓದುವವನು.

ಬಾದಶಾಹ ಸತ್ತ ಸುದ್ದಿ ಬಂದಾಗ ಆದವಾನಿಯ ಕೋಟೆಯಲ್ಲಿದ್ದವರಿಗೆ ಏನು ಗೊತ್ತಿತ್ತು? ಗಂಡುಮಕ್ಕಳು ಹಲವರು, ಪಟ್ಟ ಒಂದು. ಹತ್ತಿರವಿದ್ದವನು ಕಿರಿಯ ಮಗ. ಅವನ ಹೆಸರು ಹಾಕದಿದ್ದರೆ ಈಗ ತಲೆ ಹೋದೀತು, ಹಾಕಿದರೆ ನಾಳೆ ಹೋದೀತು. ಹೆಸರಿನ ಅಚ್ಚು ಹೊಸದು ಕೊರೆಸಿದರು. ಊರಿನ ಅಚ್ಚು ಹಳೆಯದೇ ಇರಲಿ ಎಂದರು. ಜಿಪುಣತನವೋ, ಅವಸರವೋ, ದಿಲ್ಲಿಯ ಗಾಳಿ ತಿರುಗಿದರೆ ಮುಖ ಮಾತ್ರ ಬದಲಿಸೋಣವೆಂಬ ಲೆಕ್ಕವೋ ನಾಣ್ಯ ಹೇಳುವುದಿಲ್ಲ. ಅಷ್ಟು ಮಾತ್ರ ಅದು ಹೇಳುವುದಿಲ್ಲ ಎಂಬುದನ್ನು ಹೊಸಬರು ನೆನಪಿನಲ್ಲಿಡಿ. ನಾನು ಗೊತ್ತಿದ್ದವನಂತೆ ಊಹಿಸಲು ಹೋಗಿಯೇ ಒಮ್ಮೆ ಕೆಟ್ಟಿದ್ದೆ.

ತಿದ್ದುಪಡಿ ಬರೆದುಕೊಂಡು ದೊಡ್ಡ ಸಾಹೇಬರ ಮುಂದೆ ನಿಂತೆ. ಅವರು ಒಳ್ಳೆಯ ಮನುಷ್ಯರು. ಕಾಗದವನ್ನು ಎರಡು ಬೆರಳಿನಲ್ಲಿ, ಸತ್ತ ಹಲ್ಲಿಯನ್ನು ಹಿಡಿದಂತೆ ಹಿಡಿದರು.

‘ಏಮಂಡಿ ವಿರೂಪಾಕ್ಷಪ್ಪಗಾರೂ, ಖೋಟಾ ಅಂತ ಬರೆದವರೂ ನೀವೇ, ಅಸಲಿ ಅಂತ ಬರೆಯೋರೂ ನೀವೇ. ಮೇಲಿನವರು ಕೇಳಿದರೆ ನಾನೇನು ಹೇಳಲಿ? ರಿಟೈರ್ ಆಗುವಾಗ ಇದೆಲ್ಲ ಅವಸರಮಾ, ಬೇಕಿತ್ತಾ?’

‘ನನ್ನದು ತಪ್ಪು ಅಂತ ಹೇಳಿ ಸಾರ್.’

‘ತಪ್ಪು ಅನ್ನೋ ಮಾತು ಫೈಲಿನಲ್ಲಿ ಬರಬಾರದಯ್ಯಾ. “ಹೊಸ ಪರಿಶೀಲನೆಯ ಬೆಳಕಿನಲ್ಲಿ” ಅಂತ ಹಾಕಿ.’

‘ಬೆಳಕು ಹೊಸದಲ್ಲ ಸಾರ್. ಅದೇ ಟ್ಯೂಬ್‌ಲೈಟು.’

ಅವರು ನಕ್ಕರು, ಆದರೆ ಬೆಳಕನ್ನು ಬಿಡಲಿಲ್ಲ. ಕೊನೆಗೆ ಹೊಸ ಬೆಳಕಿನಲ್ಲಿ ಸದರಿ ನಾಣ್ಯವು ಅಸಲಿಯಾಗಿಯೂ ಸದರಿ ನಿಧಿಗೆ ಸೇರಿದ್ದಾಗಿಯೂ ಕಂಡುಬಂದಿತು. ಕಾಗದ ಹೊರಟಿತು. ನಾನು ಸಮಾಧಾನದಿಂದ ನಿದ್ದೆ ಮಾಡಿದೆ. ಇದು ನನ್ನ ಎರಡನೆಯ ತಪ್ಪು.

ಖೋಟಾ ಎಂಬ ಮಾತು ಊರಿಗೆ ಹೋದಾಗ ನಡೆದು ಹೋಗಿತ್ತು, ಬಾಯಿಂದ ಬಾಯಿಗೆ. ಅಸಲಿ ಎಂಬ ಮಾತು ಟಪಾಲಿನಲ್ಲಿ ಹೋಯಿತು. ಹೋಗಿ ಒಂದು ಫೈಲಿನಲ್ಲಿ ಮಲಗಿತು. ತಿಂಗಳ ಮೇಲೆ ಬಸವನಗೌಡರಿಗೆ ಫೋನು ಮಾಡಿದರೆ, ‘ಹೌದ್ರಿ? ಇಲ್ಲಿಗೇನೂ ಬಂದಿಲ್ರಿ’ ಎಂದರು. ‘ನಮ್ದೇನಿಲ್ರಿ ಸಾಹೇಬ್ರ, ಆಕಿ ಮ್ಯಾಲ ನಮಗ ಅನುಮಾನ ಇಲ್ಲ. ಆದ್ರ ಮಂದಿ ಬಾಯಿ ಐತಲ್ಲ. ಸರಕಾರದಾಗ ಬರದೈತಿ ಅಂತಾರ.’ ಹನುಮಕ್ಕ ಹೊಲಕ್ಕೆ ಹೋಗುತ್ತಾಳಾ ಎಂದು ಕೇಳಿದೆ. ‘ಎಲ್ಲಿ ಬಂತ್ರಿ’ ಎಂದರು.

ಕಾಗದದ ನಕಲು, ಎರಡು ನಾಣ್ಯಗಳ ದೊಡ್ಡ ಫೋಟೋ ತೆಗೆದುಕೊಂಡು ನಾನೇ ಹೋದೆ. ನೇರ ಹನುಮಕ್ಕನ ಮನೆಗೆ. ಕಾಗದ ಕೊಟ್ಟೆ. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ ನನಗೇ ಹಿಂದಕ್ಕೆ ಕೊಟ್ಟಳು.

‘ಇದನ್ನ ನಾ ಯಾರಿಗೆ ತೋರ್ಸಲ್ರಿ? ಮನಿ ಮನಿಗೆ ಹಿಡ್ಕೊಂಡು ಅಡ್ಡಾಡ್ಲಾ? ಕಾಗದ ಮಾಡ್ಸಿಕೊಂಡು ಬಂದಾಳ ಅಂತಾರ. ನೀವು ಬಾಯಿಲೆ ಹೇಳ್ರಿ. ನಾಳಿ ಮುಂಜಾನಿ ಗುಂಪು ಬೇವಿನ ಕಟ್ಟಿ ಕಡೆ ಕೂಡ್ತೈತಿ, ಟಂಟಂ ಗಾಡಿ ಬರಾಕ ಮೊದ್ಲು. ಅಲ್ಲೇ ಹೇಳ್ರಿ. ತಪ್ಪು ಯಾರ್ದಂತ ಹೇಳ್ರಿ.’

ಗೌಡರ ಮನೆಯಲ್ಲಿ ಉಳಿದು ಬೆಳಗಾಗುತ್ತಲೇ ಕಟ್ಟೆಗೆ ಬಂದೆ. ಬುತ್ತಿಗಂಟು ಹಿಡಿದ ಹೆಂಗಸರು ಹದಿನೈದು ಇಪ್ಪತ್ತು ಮಂದಿ, ಉರುಕುಂದಪ್ಪ, ಕಟ್ಟೆಯ ಮೇಲೆ ಕೆಲವು ಮುದುಕರು, ಹಲ್ಲಿಗೆ ಬೇವಿನಕಡ್ಡಿ ಹಚ್ಚಿದ ಗೌಡರು. ಹನುಮಕ್ಕ ಬಂದಳು, ಕೈಯಲ್ಲಿ ಬುತ್ತಿ ಇರಲಿಲ್ಲ. ದೂರ ನಿಂತಳು.

ಮೂವತ್ತೆರಡು ವರ್ಷದ ಸರ್ವೀಸಿನಲ್ಲಿ ನಾನು ಸಭೆಯಲ್ಲಿ ಮಾತಾಡಿದವನಲ್ಲ. ಸೀಳಿನ ಗೆರೆ ತೋರಿಸಿದೆ. ಇದು ಮೊದಲು, ಇದು ಆಮೇಲೆ ಎಂದೆ. ಹೆಸರು ಹೊಸ ಬಾದಶಾಹನದು, ಊರಿನ ಅಚ್ಚು ಹಳೆಯದು, ಅದಕ್ಕೇ ವರ್ಷ ಹೊಂದಲಿಲ್ಲ ಎಂದೆ. ಫೋಟೋ ಕೈಯಿಂದ ಕೈಗೆ ಹೋಯಿತು. ಕಟ್ಟೆಯ ಮೇಲಿನ ಒಬ್ಬ ಮುದುಕ ಕಣ್ಣಿಗೆ ಹತ್ತಿರ ಹಿಡಿದು ನೋಡಿ ಹೇಳಿದ:

‘ತಿಳೀತು ತಿಳೀತು. ಹೆಗಲ ಮ್ಯಾಲಿನ ಕಂಡುವಾ ಹೊಸಾದು, ಒಳಗ ಅಂಗಿ ಹಳೇದು. ನಮ್ಮ ಲೀಡರುಗೋಳು ಪಾರ್ಟಿ ಬಿಟ್ಟು ಪಾರ್ಟಿಗೆ ಹಾರಿದಂಗ.’

‘ಹಾರಾಕ ಮೊದ್ಲು ಅಂಗಿ ಬದ್ಲಿ ಮಾಡಾಕ ಟೈಮ್ ಎಲ್ಲಿ ಐತಿ ಮಾವಾ’ ಎಂದಳು ಒಬ್ಬ ಹೆಂಗಸು. ಎಲ್ಲರೂ ನಕ್ಕರು. ನನ್ನ ಇಡೀ ಶಾಸ್ತ್ರ ಇಷ್ಟು ಚುಟುಕಾಗಿ ಹಿಂದೆಂದೂ ನನಗೆ ಸಿಕ್ಕಿರಲಿಲ್ಲ.

ಹನುಮಕ್ಕ ನಗಲಿಲ್ಲ. ನನ್ನನ್ನೇ ನೋಡುತ್ತ ನಿಂತಿದ್ದಳು. ಹೇಳಬೇಕಾದದ್ದು ಇನ್ನೂ ಬಾಕಿ ಇತ್ತು.

‘ಬಿಂದಿಗೆಯಲ್ಲಿ ಇದ್ದದ್ದು ಇದ್ದ ಹಾಗೇ ಬಂದೈತಿ’ ಎಂದೆ. ‘ಹನುಮಕ್ಕ ಏನೂ ಮುಟ್ಟಿಲ್ಲ. ಪಂಚನಾಮೆ ದಿನ ಆಕಿ ಹೇಳಿದ್ದೆಲ್ಲ ಖರೆ. ನಾನು ಸರಿಯಾಗಿ ನೋಡಲಿಲ್ಲ, ಆಕಿನ್ನ ಒಂದು ಮಾತು ಕೇಳಲಿಲ್ಲ. ಖೋಟಾ ಅಂತ ಬರೆದವನು ನಾನು. ತಪ್ಪು ನನ್ನದು.’

ಗೌಡರು ಬೇವಿನಕಡ್ಡಿ ಉಗುಳಿದರು. ಅಷ್ಟರಲ್ಲಿ ಟಂಟಂ ಬಂದು ಹಾರ್ನ್ ಹೊಡೆಯಿತು, ಹೆಂಗಸರು ಹತ್ತತೊಡಗಿದರು. ಉರುಕುಂದಪ್ಪ ನೆಲ ನೋಡುತ್ತ ಎರಡು ಹೆಜ್ಜೆ ಹನುಮಕ್ಕನ ಕಡೆ ಬಂದ.

‘ಹನುಮಕ್ಕಾ, ಜಾಗ ಐತಿ. ಹತ್ತು, ಬುತ್ತಿ ನಮ್ಮಾಕಿ ಕೊಡ್ತಾಳ.’

ಐದು ತಿಂಗಳಿನಿಂದ ಒಂದು ದಿನದ ಕೂಲಿ ಕಾಣದಿದ್ದವಳು ಸೆರಗು ಸರಿಮಾಡಿಕೊಂಡಳು.

‘ಇವತ್ತು ಪುರಸೊತ್ತಿಲ್ಲಪ್ಪಾ’ ಎಂದಳು. ‘ನಾಳಿ ಮುಂಜಾನಿ ಮನಿ ಮುಂದ ಬಂದು ಕೂಗು. ಓಣಿಗೆಲ್ಲ ಕೇಳಂಗ ಕೂಗು.’

ಉರುಕುಂದಪ್ಪ ತಲೆ ಎತ್ತಿ ಅವಳನ್ನು ನೋಡಿದ. ಮತ್ತೆ ಹಾರ್ನ್ ಆಯಿತು.

‘ಆತಕ್ಕಾ’ ಎಂದ.